ಹಿಂದಿರುಗಿ ನೋಡುವ ನಾಯಿ

ಪಾಂಡವರ ಮಹಾಪ್ರಸ್ಥಾನದ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ರಾಜ್ಯಕೋಶಗಳನ್ನು ತೊರೆದು ನಾರುಮಡಿಯುಟ್ಟು ನಡೆದ ಐವರು ಸೋದರರ ಹಾಗೂ ದ್ರೌಪದಿಯ ಬೆನ್ನ ಹಿಂದೆ ಒಂದು ನಾಯಿಯೂ ನಡೆಯಿತು. ದಾರಿಯಲ್ಲಿ ತನ್ನವರು ಒಬ್ಬೊಬ್ಬರಾಗಿ ಬಿದ್ದರೂ ಧರ್ಮರಾಯನು ತಿರುಗಿ ನೋಡಲಿಲ್ಲ. ನಾಯಿಯೂ ಅವನ ಬೆನ್ನು ಬಿಡಲಿಲ್ಲ. ಕಡೆಗೆ ಇಂದ್ರನು ರಥವನ್ನು ತಂದು ನಿಲ್ಲಿಸಿದಾಗ, ನಂಬಿ ಬಂದ ಪ್ರಾಣಿಯನ್ನು ತೊರೆದು ಸ್ವರ್ಗಕ್ಕೆ ಬರಲೊಲ್ಲೆನೆಂದು ಅವನು ಹೇಳಿದ್ದು ಮನೆಮಾತಾಗಿದೆ. ಆದರೆ ಆ ನಾಯಿಯ ಬಣ್ಣವೇನು, ಗಾತ್ರವೇನು, ಅದರ ನಡಿಗೆಯ ಬೆಡಗೇನು ಎಂದು ಕೇಳಿದರೆ ಉತ್ತರ ಹೊಳೆಯದು. ಹಿಂದೆ ಬರುವ ನಾಯಿಯ ಮುಖವನ್ನು ಮುಂದೆ ಹೋಗುವವನು ಕಾಣುವುದಾದರೂ ಹೇಗೆ?

ನಮ್ಮ ಕಾಲದಲ್ಲಿ ಲಕ್ಷಾಂತರ ಜನರ ಒಡನಾಡಿಯಾಗಿರುವ ಇನ್ನೊಂದು ನಾಯಿಯುಂಟು. ಅದು ಹಿಂದೆ ಬರುವ ನಾಯಿಯಲ್ಲ, ಮುಂದೆ ಓಡುವ ನಾಯಿ. ಪಾಳುಬಿದ್ದ ಹಾದಿಯಲ್ಲಿ ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಕತ್ತು ಹೊರಳಿಸಿ, ‘ಬರುತ್ತಿರುವೆಯಷ್ಟೆ?’ ಎಂದು ಕೇಳುವಂತೆ ಯಜಮಾನನನ್ನು ನೋಡುತ್ತದೆ. ಬರುತ್ತಿರುವನೆಂದು ಮನಗಂಡ ಮೇಲೆ ಮತ್ತೆ ಮುಂದಕ್ಕೆ ಓಡುತ್ತದೆ. ಈ ನಾಯಿಗೆ ರಕ್ತಮಾಂಸಗಳಿಲ್ಲ. ಅದು ಇರುವುದು ‘ಫಾಲೌಟ್ 4’ ಎಂಬ ವಿಡಿಯೋ ಆಟದೊಳಗೆ. ಆದರೆ ಆ ಹಿಂದಿರುಗಿ ನೋಡುವ ನೋಟವು ಮಾತ್ರ ಯಾವ ಯಂತ್ರವೂ ಹುಟ್ಟಿಸಿದ್ದಲ್ಲ; ಅಮೆರಿಕದ ಒಂದು ಮನೆಯಲ್ಲಿ ಬೆಳೆದ ಜೀವಂತ ನಾಯಿಯೊಂದರಿಂದ ಪಡೆದ ಕಡ.

ಹಳೆಯ ಹೆಸರು

‘ಫಾಲೌಟ್’ ಕಥಾಮಾಲೆಯ ಆಟಗಳೆಲ್ಲ ನಡೆಯುವುದು ಅಣುಯುದ್ಧದಲ್ಲಿ ಸುಟ್ಟು ಬೂದಿಯಾದ ಅಮೆರಿಕದಲ್ಲಿ. 1997ರಲ್ಲಿ ಬಂದ ಮೊದಲನೆಯ ಆಟದಲ್ಲಿಯೇ ಒಂದು ನಾಯಿಯಿತ್ತು. ಹೊಲಸು ಹಳ್ಳಿಯೊಂದರಲ್ಲಿ, ಸತ್ತುಹೋದ ಯಜಮಾನನನ್ನು ಮರೆಯಲಾರದೆ, ಯಾರದೋ ಮನೆಯ ಬಾಗಿಲಿಗೆ ಅಡ್ಡಲಾಗಿ ನಿಂತು ಗುರುಗುಟ್ಟುತ್ತಿದ್ದ ನಾಯಿ ಅದು. ಆಟಗಾರನು ಒಂದಿಷ್ಟು ಆಹಾರವನ್ನು ಹಾಕಿದರೆ, ಅಥವಾ ಆ ಸತ್ತ ಯಜಮಾನನಂತೆ ಚರ್ಮದ ಅಂಗಿಯನ್ನು ತೊಟ್ಟು ಬಂದರೆ, ಅವನ ಹಿಂದೆ ಹೊರಟುಬಿಡುತ್ತಿತ್ತು. ಅದರ ಹೆಸರು ‘ಡಾಗ್‌ಮೀಟ್’, ಎಂದರೆ ನಾಯಿಮಾಂಸ. 1975ರಲ್ಲಿ ಬಂದ ‘ಎ ಬಾಯ್ ಅಂಡ್ ಹಿಸ್ ಡಾಗ್’ ಎಂಬ ಚಲನಚಿತ್ರದ ತರುಣನು ತನ್ನ ನಾಯಿಯನ್ನು ಹಂಗಿಸುವಾಗ ಆಡುವ ಮಾತು ಅದು. ಅಲ್ಲಿಂದ ಆಟಕ್ಕೆ ಬಂದಿತು. ಹೆಸರು ಒರಟಾದರೂ ನಾಯಿ ಅಕ್ಕರೆಯದು.

ಆ ಮೊದಲ ಆಟದ ಡಾಗ್‌ಮೀಟ್‌ಗೆ ಆಯುಸ್ಸು ಅಲ್ಪ. ಗುಂಡಿಗೂ ಬೆಂಕಿಗೂ ಅಂಜದೆ ನುಗ್ಗುತ್ತಿದ್ದ ಅದು, ಕಥೆಯ ಕೊನೆಯ ಭಾಗದಲ್ಲಿ ಬರುವ ಸೇನಾನೆಲೆಯೊಂದರ ವಿದ್ಯುತ್ತಿನ ತೆರೆಗಳಿಗೆ ತಾನಾಗಿಯೇ ಹಾಯ್ದು ಸಾಯುವುದು ಸಾಮಾನ್ಯವಾಗಿತ್ತು. ಎಷ್ಟೋ ಆಟಗಾರರು ನಾಯಿಯನ್ನು ಉಳಿಸಿಕೊಳ್ಳಬೇಕೆಂಬ ಒಂದೇ ಹಟದಿಂದ, ತಾಸುಗಟ್ಟಲೆ ಆಡಿದ್ದನ್ನು ಅಳಿಸಿ ಮತ್ತೆ ಹಿಂದಿನಿಂದ ಆಡಿದರು. 2008ರಲ್ಲಿ, ಬೆಥೆಸ್ಡಾ ಸಂಸ್ಥೆಯವರು ಮೂರನೆಯ ಆಟವನ್ನು ಹೊರತಂದಾಗ ಅದರಲ್ಲಿಯೂ ಡಾಗ್‌ಮೀಟ್ ಬಂದಿತು; ಅಲ್ಲಿಯೂ ಅದು ಸಾಯುವ ನಾಯಿಯೇ.

ಕಚೇರಿಗೆ ಬಂದ ಅತಿಥಿ

ಬೆಥೆಸ್ಡಾ ಸಂಸ್ಥೆಯ ಶಿಲ್ಪಶಾಲೆಯಿರುವುದು ಮೇರಿಲ್ಯಾಂಡ್ ಸಂಸ್ಥಾನದ ರಾಕ್‌ವಿಲ್ ಎಂಬ ಊರಿನಲ್ಲಿ. ನಾಲ್ಕನೆಯ ಆಟದ ಸಿದ್ಧತೆ ಅಲ್ಲಿ ನಡೆದಿದ್ದ ಕಾಲದಲ್ಲಿ ವಿನ್ಯಾಸಕಾರರಲ್ಲೊಬ್ಬರಾಗಿದ್ದ ಜೋಯೆಲ್ ಬರ್ಜೆಸ್ ಎಂಬವರ ಮನೆಯಲ್ಲಿ ಒಂದು ಜರ್ಮನ್ ಷೆಪರ್ಡ್ ನಾಯಿಯಿತ್ತು. ನಮ್ಮಲ್ಲಿ ಬಹುಕಾಲ ಆಲ್ಸೇಷಿಯನ್ ಎಂದು ಕರೆಯುತ್ತಿದ್ದ ಜಾತಿ. ಹೆಣ್ಣು ನಾಯಿ, ಹೆಸರು ರಿವರ್, ಎಂದರೆ ಹೊಳೆ.

ಯುದ್ಧದ ಆಟಗಳಲ್ಲಿ ನಾಯಿಯೆಂದೊಡನೆ ಚಿತ್ರಕಾರರ ಮನಸ್ಸಿಗೆ ಬರುವುದು ಹಲ್ಲು ಕಿರಿದು ಹಗ್ಗ ಜಗ್ಗುವ ಕಾವಲು ನಾಯಿ. ಬಂದೂಕಿಗೆ ನಾಲ್ಕು ಕಾಲು ಮೂಡಿದಂತಹ ಪ್ರಾಣಿ. ಹೊಸ ಡಾಗ್‌ಮೀಟ್ ಕೂಡ ಬರಿಯ ಆಯುಧವಾಗಿಬಿಡುವುದೆಂಬ ಅಳುಕು ಬರ್ಜೆಸ್ ಅವರಿಗಿತ್ತು. ಇದಕ್ಕೆ ಅವರು ವಾದ ಹೂಡಲಿಲ್ಲ. ರಿವರನ್ನು ಕಚೇರಿಗೆ ಕರೆತಂದರು. ಚಿತ್ರಗಳಿಗೆ ಚಲನೆಯನ್ನು ಕೊಡುವ ಕಲಾವಿದರು ಅದರೊಡನೆ ಹೊತ್ತು ಕಳೆದರು. ಅದು ಕೂಡುವುದು, ಏಳುವುದು, ಮೂಸುವುದು, ಯಜಮಾನನಿಗಾಗಿ ಕಾಯುವುದು ಇವೆಲ್ಲವನ್ನೂ ನೋಡಿದರು. ಅದರ ದನಿಯನ್ನು ಮುದ್ರಿಸಿಕೊಂಡು ಆಟದ ನಾಯಿಗೆ ಕೊಟ್ಟರು. ಆಟದಲ್ಲಿ ಎಲ್ಲರೂ ಗಂಡೆಂದು ಕರೆಯುವ ಡಾಗ್‌ಮೀಟ್‌ಗೆ ಹೀಗೆ ಒಂದು ಹೆಣ್ಣು ನಾಯಿಯ ಕಂಠವೂ ಸ್ವಭಾವವೂ ಒದಗಿದವು. ಎದುರಿಗೆ ಬಾಲವಾಡಿಸಿ ನಿಂತ ಜೀವವನ್ನು ಆಯುಧವೆಂದು ಬಗೆಯುವುದು ಯಾರಿಂದಲೂ ಆಗದು. ಬರ್ಜೆಸ್ ಬಯಸಿದ್ದು ಅದನ್ನೇ.

ರಿವರ್‌ಗೆ ಒಂದು ಅಭ್ಯಾಸವಿತ್ತು. ಯಜಮಾನನೊಡನೆ ಹೊರಗೆ ಹೋದಾಗ ಅದು ಮುಂದೆ ಸಾಗುತ್ತಿತ್ತು. ಆದರೆ ದೂರ ಹೋಗಿಬಿಡುತ್ತಿರಲಿಲ್ಲ. ಪದೇ ಪದೇ ನಿಂತು, ಹಿಂದಿರುಗಿ, ತನ್ನವರು ಬರುತ್ತಿರುವರೇ ಎಂದು ನೋಡಿ ಮುಂದುವರಿಯುತ್ತಿತ್ತು. ನಾಯಿ ಸಾಕಿದವರೆಲ್ಲ ಇದನ್ನು ಕಂಡಿರುತ್ತಾರೆ, ಕಂಡು ಮರೆತಿರುತ್ತಾರೆ. ಬರ್ಜೆಸ್ ಮರೆಯಲಿಲ್ಲ. ಆಟದ ನಾಯಿಯ ಪ್ರಾಣವಾದದ್ದು ಈ ಅಭ್ಯಾಸವೇ. ಇದರಿಂದ ಆಟಕ್ಕೂ ಉಪಕಾರವಾಯಿತು. ಬೆನ್ನ ಹಿಂದೆ ಬರುವ ಸಂಗಾತಿ ಪರದೆಯ ಮೇಲೆ ಕಾಣುವುದಿಲ್ಲ; ಕಾಣದ ಸಂಗಾತಿಯ ಮೇಲೆ ಮಮತೆ ಬೆಳೆಯುವುದಿಲ್ಲ. ಮುಂದೆ ಓಡುವ ನಾಯಿಯಾದರೋ ಕ್ಷಣಕ್ಷಣವೂ ಕಣ್ಣಿನ ಮುಂದಿರುತ್ತದೆ. ಹಿಂದಿರುಗಿದಾಗಲೆಲ್ಲ ಅದರ ಮುಖ ಕಾಣುತ್ತದೆ.

ನೋಡುವುದೇನೋ ಸುಲಭ, ನೋಡಿದ್ದನ್ನು ಕಂಪ್ಯೂಟರಿಗೆ ಕಲಿಸುವುದು ಸುಲಭವಲ್ಲ. ಆಟದ ನಾಯಿಯ ಮೈಯೊಳಗೆ ಕಲಾವಿದನು ಮೊದಲು ಕೀಲುಕೀಲುಗಳಾಗಿ ಎಲುಬಿನ ಹಂದರವೊಂದನ್ನು ಹೂಡುತ್ತಾನೆ. ನಮ್ಮ ಸೂತ್ರದ ಬೊಂಬೆಯವರು ದಾರಗಳಿಂದ ಮಾಡುವುದನ್ನು ಅವನು ಅಂಕೆಗಳಿಂದ ಮಾಡುತ್ತಾನೆ. ನಾಯಿ ನಿಧಾನವಾಗಿ ನಡೆಯುವಾಗ ನಾಲ್ಕು ಕಾಲುಗಳೂ ಒಂದಾದ ಮೇಲೊಂದು ನೆಲವನ್ನು ಮುಟ್ಟುತ್ತವೆ. ಕುಕ್ಕುಲೋಟಕ್ಕೆ ಇಳಿದೊಡನೆ ಮುಂದಿನ ಬಲಗಾಲಿಗೆ ಹಿಂದಿನ ಎಡಗಾಲು ಜೊತೆಯಾಗುತ್ತದೆ. ನಾಗಾಲೋಟದಲ್ಲಿಯೋ ನಾಲ್ಕು ಕಾಲುಗಳೂ ನೆಲ ಬಿಟ್ಟಿರುವ ಗಳಿಗೆಯುಂಟು. ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕನು 1887ರಲ್ಲಿ ಪ್ರಕಟಿಸಿದ 781 ಫಲಕಗಳ ಚಿತ್ರಮಾಲೆಯಲ್ಲಿ ಓಡುವ ನಾಯಿಯ ಇಂತಹ ಗಳಿಗೆಗಳನ್ನು ಹಿಡಿದಿಟ್ಟನು. ಇಂದಿಗೂ ಚಿತ್ರಕಾರರಿಗೆ ಅದು ಪಾಠದ ಹಲಗೆ. ಆದರೆ ಕಾಲಿನ ಲೆಕ್ಕ ಸರಿಯಾದ ಮಾತ್ರಕ್ಕೆ ನಾಯಿಯಾಗದು. ನಿಂತ ನಾಯಿ ಹಿಂದಿರುಗಿ ನೋಡುವಾಗ ಮೊದಲು ಕಿವಿ ಹೊರಳುವುದೋ ಮೂತಿ ಹೊರಳುವುದೋ, ಬಾಲ ಯಾವಾಗ ಅಲ್ಲಾಡುವುದು, ಇಷ್ಟನ್ನು ತಿಳಿಯಲು ಪುಸ್ತಕ ಸಾಲದು. ಎದುರಿಗೆ ಒಂದು ನಾಯಿಯೇ ಬೇಕು.

ತೋಳ ನೋಡದು, ನಾಯಿ ನೋಡುವುದು

ಬರ್ಜೆಸ್ ಅವರ ಕಣ್ಣಿಗೆ ಬಿದ್ದ ಆ ಸಣ್ಣ ಚೇಷ್ಟೆಯ ಹಿಂದೆ ದೊಡ್ಡದೊಂದು ಕಥೆಯಿದೆ. 2003ರಲ್ಲಿ ಹಂಗೇರಿ ದೇಶದ ಬುಡಾಪೆಸ್ಟ್ ನಗರದ ವಿಜ್ಞಾನಿ ಆಡಮ್ ಮಿಕ್ಲೋಷಿ ಮತ್ತು ಅವರ ಸಂಗಡಿಗರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಮರಿಯಿಂದಲೇ ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳನ್ನೂ ಮನೆಯ ನಾಯಿಗಳನ್ನೂ ತಂದು, ಹಗ್ಗವನ್ನೆಳೆದು ಮಾಂಸವನ್ನು ಪಡೆಯುವುದನ್ನು ಎರಡಕ್ಕೂ ಕಲಿಸಿದರು. ಕಲಿಯುವುದರಲ್ಲಿ ತೋಳ ನಾಯಿಗಿಂತ ಹಿಂದೆ ಬೀಳಲಿಲ್ಲ. ಬಳಿಕ, ಎಷ್ಟೆಳೆದರೂ ಬಾರದಂತೆ ಹಗ್ಗವನ್ನು ಕಟ್ಟಿಬಿಟ್ಟರು. ತೋಳಗಳು ಎಳೆದೇ ಎಳೆದವು. ಬಳಿಯಲ್ಲಿಯೇ ನಿಂತಿದ್ದ ಮನುಷ್ಯನ ಕಡೆ ಅವು ನೋಡಿದ್ದು ಬಲು ಅಪರೂಪ. ನಾಯಿಗಳಾದರೋ ಸ್ವಲ್ಪ ಎಳೆದು ನೋಡಿ, ಆಗದೆಂದು ಕಂಡೊಡನೆ, ಹಿಂದಿರುಗಿ ಮನುಷ್ಯನ ಮುಖವನ್ನು ನೋಡಿದವು.

ತೋಳದ ಕುಲದಿಂದ ಕವಲೊಡೆದು ಸಾವಿರಾರು ವರ್ಷಗಳಿಂದ ಮನುಷ್ಯನ ಅಂಗಳದಲ್ಲಿ ಬಾಳಿದ ಪ್ರಾಣಿಯು ಪಡೆದ ವಿದ್ಯೆ ಇದು. ಹಲ್ಲಿನಲ್ಲಿಯೂ ಮೂಗಿನಲ್ಲಿಯೂ ನಾಯಿಗೆ ತೋಳವೇ ಗುರು. ಆದರೆ ಕಷ್ಟ ಬಂದಾಗ ಮನುಷ್ಯನ ಮುಖವನ್ನು ನೋಡುವುದು ಮಾತ್ರ ನಾಯಿಯ ಸ್ವಂತ ಸಂಪಾದನೆ. ಇದರ ಪರಿಣಾಮ ಮನುಷ್ಯನ ಮೇಲೆಯೂ ಆಗುತ್ತದೆ. 2015ರಲ್ಲಿ ಜಪಾನಿನ ಅಜಾಬು ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಇನ್ನೊಂದು ಸಂಗತಿಯನ್ನು ತೋರಿಸಿದರು. ನಾಯಿಯೂ ಯಜಮಾನನೂ ಬಹು ಹೊತ್ತು ಒಬ್ಬರನ್ನೊಬ್ಬರು ನೋಡುತ್ತಿದ್ದರೆ ಇಬ್ಬರ ದೇಹದಲ್ಲಿಯೂ ಆಕ್ಸಿಟೋಸಿನ್ ಎಂಬ ರಸ ಹೆಚ್ಚುತ್ತದೆ. ತಾಯಿಯನ್ನೂ ಕೂಸನ್ನೂ ಬೆಸೆಯುವುದರಲ್ಲಿ ಪಾಲುಳ್ಳ ರಸವೇ ಅದು. ಮನುಷ್ಯರು ಸಾಕಿದ ತೋಳಗಳಲ್ಲಿ ಇದು ಕಾಣಲಿಲ್ಲ.

‘ಫಾಲೌಟ್ 4’ ಹೊರಬಂದದ್ದು ಅದೇ 2015ರ ನವೆಂಬರ್ 10ರಂದು. ಮೊದಲ ದಿನಕ್ಕೆಂದು ಅಂಗಡಿಗಳಿಗೆ ಹೋದ ಪ್ರತಿಗಳೇ 1 ಕೋಟಿ 20 ಲಕ್ಷ. ಅದರ ಕಥಾನಾಯಕನು 2077ರಲ್ಲಿ ನೆಲಮಾಳಿಗೆಯೊಂದರಲ್ಲಿ ಹಿಮಗಟ್ಟಿ ಮಲಗಿ, 210 ವರ್ಷಗಳ ಬಳಿಕ ಕಣ್ತೆರೆದವನು. ಹೆಂಡತಿ ಕೊಲೆಯಾಗಿದ್ದಾಳೆ, ಹಸುಗೂಸನ್ನು ಯಾರೋ ಕದ್ದೊಯ್ದಿದ್ದಾರೆ, ಹುಟ್ಟೂರು ಹಾಳುಬಿದ್ದಿದೆ. ಪೆಟ್ರೋಲ್ ಬಂಕೊಂದರ ಬಳಿ ಅವನನ್ನು ಎದುರುಗೊಳ್ಳುವುದು ಒಂದು ನಾಯಿ. ಮುಂದೆ, ಮಗನನ್ನು ಕದ್ದವನ ಚುಟ್ಟದ ವಾಸನೆಯನ್ನು ಹಿಡಿದು ದಾರಿ ತೋರಿಸುವುದೂ ಅದೇ. ಆಟದಲ್ಲಿ ಬೇರೆ ಸಂಗಾತಿಗಳೂ ಉಂಟು. ಅವರೆಲ್ಲ ನಾಯಕನ ಒಂದೊಂದು ಕೆಲಸವನ್ನೂ ಒರೆಹಚ್ಚುವವರು. ಒಂದಕ್ಕೆ ಮೆಚ್ಚುತ್ತಾರೆ, ಒಂದಕ್ಕೆ ಮುನಿಯುತ್ತಾರೆ. ಡಾಗ್‌ಮೀಟ್ ಮಾತ್ರ ಮೆಚ್ಚುವುದೂ ಇಲ್ಲ, ಮುನಿಯುವುದೂ ಇಲ್ಲ. ಮುಂದೆ ಓಡುತ್ತದೆ, ನಿಲ್ಲುತ್ತದೆ, ಹಿಂದಿರುಗಿ ನೋಡುತ್ತದೆ. ಎಲ್ಲವನ್ನೂ ಕಳೆದುಕೊಂಡವನಿಗೆ ತನ್ನ ಬರವನ್ನು ಎದುರುನೋಡುವ ಜೀವವೊಂದು ಇದೆಯೆಂಬುದು ಸಣ್ಣ ಸಮಾಧಾನವಲ್ಲ.

ಅಂಜಿಸಿದ ನಾಯಿ, ಒಲಿದ ನಾಯಿ

ಮನೆಯ ನಾಯಿ ಪರದೆಯನ್ನು ಏರಿದ್ದು ಇದೇ ಮೊದಲಲ್ಲ. ಮಾರಿಯೋ ಎಂಬ ಮೀಸೆಯ ಬೊಂಬೆಯನ್ನು ಜಗತ್ತಿಗೆ ಕೊಟ್ಟ ಜಪಾನಿನ ಷಿಗೇರು ಮಿಯಾಮೊಟೊ ಅವರಿಗೆ ಬಾಲ್ಯದಲ್ಲಿ ನೆರೆಯ ನಾಯಿಯೊಂದರ ಭಯವಿತ್ತು. ಸರಪಳಿಯಲ್ಲಿ ಕಟ್ಟಿದ್ದ ಅದು ಹುಡುಗನನ್ನು ಕಂಡೊಡನೆ ಮೇಲೆರಗಿ ಬರುತ್ತಿತ್ತು. ಸರಪಳಿ ಬಿಗಿದು ಹಿಂದಕ್ಕೆ ಎಳೆಯುತ್ತಿತ್ತು. ಆ ಭಯವು ಬಹುಕಾಲ ಮನಸ್ಸಿನಲ್ಲಿದ್ದು, 1988ರ ಮಾರಿಯೋ ಆಟದಲ್ಲಿ, ಸರಪಳಿಯ ತುದಿಗೆ ಕಟ್ಟಿದ, ಬಾಯ್ದೆರೆದು ಎರಗುವ ಕಪ್ಪು ಗುಂಡಾಗಿ ಹೊರಬಂದಿತು. ಜಪಾನೀಯರು ಅದನ್ನು ‘ವಾನ್‌ವಾನ್’ ಎನ್ನುತ್ತಾರೆ. ನಮ್ಮ ‘ಬೌಬೌ’ ಇದ್ದಂತೆ, ಅದು ಅವರ ಭಾಷೆಯ ನಾಯಿಯ ಬೊಗಳು. ಅದೇ ಮಿಯಾಮೊಟೊ ಅವರ ಮನೆಗೆ ಮುಂದೆ ಷೆಟ್‌ಲೆಂಡ್ ಜಾತಿಯ ಕುರಿಗಾವಲು ನಾಯಿಯೊಂದು ಬಂದಿತು. ಅದರ ಒಡನಾಟದಿಂದ ಹುಟ್ಟಿದ್ದು 2005ರ ‘ನಿಂಟೆಂಡಾಗ್ಸ್’ ಎಂಬ ಆಟ. ಅದರಲ್ಲಿ ಗೆಲ್ಲಬೇಕಾದ ಶತ್ರುವಿಲ್ಲ; ಅಂಗೈಯಗಲದ ಯಂತ್ರದಲ್ಲಿ ಒಂದು ನಾಯಿಮರಿ. ಹೆಸರು ಹಿಡಿದು ಕೂಗಿದರೆ ಬರುತ್ತದೆ, ಗಾಜನ್ನು ಸವರಿದರೆ ಮೈಯೊಡ್ಡುತ್ತದೆ. 2 ಕೋಟಿ 30 ಲಕ್ಷಕ್ಕೂ ಮಿಕ್ಕಿ ಜನರು ಅದನ್ನು ಕೊಂಡರು. ಮರಿ ಎಂದಿಗೂ ಮರಿಯೇ; ಅದಕ್ಕೆ ಮುಪ್ಪೂ ಇಲ್ಲ, ಸಾವೂ ಇಲ್ಲ.

ಸಾಯದ ನಾಯಿ, ಸತ್ತ ನಾಯಿ

‘ಫಾಲೌಟ್ 4’ ಆಟದ ಕರ್ತೃಗಳೂ ಇದೇ ದಾರಿಯನ್ನು ಹಿಡಿದರು. ಹಿಂದಿನ ಆಟಗಳಲ್ಲಿ ಸಾಯುತ್ತಿದ್ದ ಡಾಗ್‌ಮೀಟ್ ಈ ಆಟದಲ್ಲಿ ಸಾಯುವುದಿಲ್ಲ. ಎಂತಹ ಪೆಟ್ಟು ತಿಂದರೂ ಕುಸಿದು ಕುಳಿತು ಕುಂಯ್‌ಗುಟ್ಟುತ್ತದೆ. ಔಷಧಿ ಕೊಟ್ಟರೆ, ಇಲ್ಲವೆ ಕಾದಾಟ ಮುಗಿದರೆ, ಮತ್ತೆ ಎದ್ದು ನಿಲ್ಲುತ್ತದೆ. ಊರುಗಳೇ ಸುಟ್ಟುಹೋಗುವ, ಮನುಷ್ಯರು ಹುಳುಗಳಂತೆ ಸಾಯುವ ಕಥೆಯಲ್ಲಿ ಸಾವಿಲ್ಲದ ವರವು ನಾಯಿಗೆ ಸಂದಿತು. ಇದನ್ನು ಕಟ್ಟುಕಥೆಯ ಸೌಲಭ್ಯವೆಂದು ಹಗುರವಾಗಿ ನೋಡಬೇಕಾಗಿಲ್ಲ. ನಾಯಿ ಸಾಕಿದ ಪ್ರತಿಯೊಬ್ಬನೂ ಕೈಲಾದರೆ ಕೊಡುತ್ತಿದ್ದ ವರ ಅದು. ನಾಯಿಯ ಆಯುಸ್ಸು ಹತ್ತು ಹನ್ನೆರಡು ವರ್ಷ. ಮನುಷ್ಯನದು ಅದರ ಐದಾರು ಪಾಲು. ಈ ಲೆಕ್ಕದ ತೊಡಕು ಮರಿಯನ್ನು ಮನೆಗೆ ತಂದ ದಿನವೇ ಮನೆಯೊಳಗೆ ಬರುತ್ತದೆ.

2021ರಲ್ಲಿ ರಿವರ್ ತೀರಿಕೊಂಡಿತು. ಬರ್ಜೆಸ್ ಆ ಸುದ್ದಿಯನ್ನು ತಾವೇ ಹೊರಗೆಡಹಿ, ಆಟದ ನಾಯಿಯಲ್ಲಿ ಅದರ ಯಾವ ಯಾವ ಗುಣಗಳು ಉಳಿದಿವೆಯೆಂಬುದನ್ನು ನೆನೆದು ಬರೆದರು. ಅದನ್ನು ಓದಿ ಮರುಗಿದವರಲ್ಲಿ ಬಹುಮಂದಿ ರಿವರನ್ನು ಒಮ್ಮೆಯೂ ಕಂಡವರಲ್ಲ. ಆದರೂ ಅದರೊಡನೆ ನೂರಾರು ಗಂಟೆ ಅಲೆದವರು. ಬೆಥೆಸ್ಡಾ ಸಂಸ್ಥೆಯವರೂ ಎಕ್ಸ್‌ಬಾಕ್ಸ್ ಬಳಗದವರೂ ಅದರ ನೆನಪಿಗಾಗಿ ಮೇರಿಲ್ಯಾಂಡಿನ ಮಾಂಟ್‌ಗಾಮರಿ ಕೌಂಟಿಯ ಪ್ರಾಣಿದಯಾ ಸಂಘಕ್ಕೆ 10,000 ಡಾಲರುಗಳನ್ನು ಕೊಟ್ಟರು. ಸತ್ತ ನಾಯಿಯ ಹೆಸರಿನಲ್ಲಿ ಬದುಕಿರುವ, ಯಜಮಾನರಿಲ್ಲದ ನಾಯಿಗಳಿಗೆ ಅನ್ನ ದೊರೆಯಿತು.

ಇಂತಹ ಸ್ಮರಣೆ ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ಅದಕ್ಕೆ ಸಾಕ್ಷಿ. ಕ್ರಿ. ಶ. 949-50ರ ಆ ಶಾಸನವು ತಕ್ಕೋಲದ ಯುದ್ಧವನ್ನೂ ಅರಸರ ಗೆಲವನ್ನೂ ಹೇಳುತ್ತದೆ. ಒಂದು ನಾಯಿಯ ಕಥೆಯನ್ನೂ ಹೇಳುತ್ತದೆ. ಗಂಗರ ಬೂತುಗನು ತನ್ನ ಬಂಟನಾದ ಮಣಲೇರನ ಶೌರ್ಯಕ್ಕೆ ಮೆಚ್ಚಿದಾಗ, ಅವನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಸೆಣಸಿ, ಅದನ್ನು ಕೊಂದು ತಾನೂ ಸತ್ತಿತು. ಮಣಲೇರನು ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಟ್ಟನು. ಆ ಕಲ್ಲನ್ನು ಪೂಜಿಸದೆ ಉಣ್ಣುವವನಿಗೆ ಪಾಪವೆಂದು ಬರೆಯಿಸಿದನು. ಹಂದಿಯ ಮೇಲೆರಗಿದ ನಾಯಿಯ ಉಬ್ಬುಚಿತ್ರ ಸಾವಿರ ವರ್ಷ ಕಳೆದರೂ ಆ ಕಲ್ಲಿನ ಮೇಲಿದೆ.

ಕಲ್ಲುಕುಟಿಗನು ಕಾಳಿಯ ಕೊನೆಯ ಸಾಹಸವನ್ನು ಹಿಡಿದನು. ರಾಕ್‌ವಿಲ್ಲಿನ ಕಲಾವಿದರು ಹಿಡಿದದ್ದು ಸಾಹಸವನ್ನಲ್ಲ, ದಿನದಿನದ ಅಭ್ಯಾಸವನ್ನು. ಮನೆಯ ನಾಯಿಗಳಲ್ಲಿ ಬಹುಪಾಲು ಹಂದಿಯೊಡನೆ ಹೋರಾಡಿ ಸಾಯುವುದಿಲ್ಲ. ಯಾವ ಶಾಸನಕ್ಕೂ ಒದಗುವ ಕೆಲಸವನ್ನು ಮಾಡುವುದಿಲ್ಲ. ಬಾಗಿಲಲ್ಲಿ ಕಾಯುತ್ತವೆ; ಜೊತೆಗೆ ನಡೆಯುತ್ತವೆ; ತಿರುಗಿ ನೋಡುತ್ತವೆ. ಸತ್ತ ಮೇಲೆ ಮನೆಯವರ ಮನಸ್ಸಿನಲ್ಲಿ ನಿಲ್ಲುವುದೂ ಇಷ್ಟೇ. ಛಾಯಾಚಿತ್ರಕ್ಕೆ ಸಿಕ್ಕದೆ ಹೋಗುವುದೂ ಇಷ್ಟನ್ನೇ. ಅದನ್ನು ಉಳಿಸಿದ್ದೇ ಈ ಹೊಸ ಕಲೆಯ ಹೆಚ್ಚಳ.

ಆದರೆ ಸಾಯದ ನಾಯಿಗೆ ದೊರೆಯದ ಒಂದು ವಸ್ತುವುಂಟು. ಪರದೆಯ ನಾಯಿ ಎಂದೆಂದಿಗೂ ಮುಂದೆಯೇ ಓಡುತ್ತಿರುತ್ತದೆ. ಮನೆಯ ನಾಯಿ ಹಾಗಲ್ಲ. ಎಂಟು ಹತ್ತು ವರ್ಷ ಮುಂದೆ ಓಡಿದ ಮೇಲೆ ಒಂದು ದಿನ ಅದು ಜೊತೆಗೆ ನಡೆಯುತ್ತದೆ. ಮತ್ತೊಂದು ದಿನ ಹಿಂದೆ ಬೀಳುತ್ತದೆ. ಮುಖದ ಕೂದಲು ನರೆತಿರುತ್ತದೆ, ಹಿಂಗಾಲು ಸೋತಿರುತ್ತದೆ. ಆಗ ಮುಂದೆ ಹೋಗುತ್ತಿರುವ ಮನುಷ್ಯನೇ ನಾಲ್ಕು ಹೆಜ್ಜೆಗೊಮ್ಮೆ ನಿಂತು, ಹಿಂದಿರುಗಿ, ಅದು ಬರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಅಷ್ಟು ವರ್ಷ ನಾಯಿ ಮಾಡಿದ ಕೆಲಸವನ್ನು ಆ ಸ್ವಲ್ಪ ಕಾಲ ಯಜಮಾನನು ಮಾಡುತ್ತಾನೆ.